ಚಿತ್ರ ಛಲೋ ಅದರಿ, ಅಳತಿ ಎಲ್ಲದ?

ಯಾದಗಿರಿ, ಶಹಾಪುರ, ಸುರಪುರದ ಗ್ಯಾರೇಜುಗಳಲ್ಲಿ ಹಳೆ ಅಂಬಾಸಿಡರೋ ಜೀಪೋ ಬಾನೆಟ್ ತೆರೆದು ನಿಂತಿದ್ದರೆ, ಈಗೀಗ ಅದರ ಮಡ್‌ಗಾರ್ಡ್ ಮೇಲೆ ಪಾನಾ, ಸ್ಕ್ರೂಡ್ರೈವರ್ ಜತೆ ಒಂದು ಮೊಬೈಲೂ ಇರುತ್ತದೆ. ಅಂಬಾಸಿಡರಾದರೆ ಪರದೆಯಲ್ಲಿ ಅದರ ಮೂಲವಾದ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಬಿಡಿಭಾಗಗಳ ಚಿತ್ರ. ಮಾಲೀಕರ ಬಾಯಲ್ಲಿ ಅದು 'ಒರಿಜಿನಲ್ ಡ್ರಾಯಿಂಗ್'. ಮಿಸ್ತ್ರಿ ಅದನ್ನು ಹಿಗ್ಗಿಸಿ ನೋಡಿ ಕೇಳುವುದು ಒಂದೇ ಮಾತು: "ಚಿತ್ರ ಛಲೋ ಅದರಿ, ಅಳತಿ ಎಲ್ಲದ?" ಹಳೆ ವಾಹನಗಳ ಮೂಲ ದಾಖಲೆ ಹುಡುಕುವ ಈ ಹೊಸ ಹುಮ್ಮಸ್ಸಿನ ದೋಷವೆಲ್ಲ ಆ ಪ್ರಶ್ನೆಯಲ್ಲಿದೆ.

ಚಿತ್ರ ಛಲೋ ಇರುವುದು ಸುಳ್ಳಲ್ಲ. ಗೇರ್‌ಬಾಕ್ಸನ್ನು ಬಿಚ್ಚಿ, ಒಂದೇ ದಾರದಲ್ಲಿ ಪೋಣಿಸಿದಂತೆ ವಾಷರ್, ಬೇರಿಂಗ್, ಸರ್ಕ್ಲಿಪ್‌ಗಳನ್ನು ಸಾಲಾಗಿ ಬರೆದು, ಪ್ರತಿಯೊಂದಕ್ಕೂ ಅಂಕಿ ಕೊಟ್ಟಿರುತ್ತಾರೆ. ಪುಟ ತಿರುವಿದರೆ ಆ ಅಂಕಿಯ ಮುಂದೆ ಪಾರ್ಟ್ ನಂಬರ್, ಒಂದು ಕಾರಿಗೆ ಎಷ್ಟು ಬೇಕು, ಯಾವ ಚಾಸಿ ನಂಬರಿನಿಂದ ಬದಲಾಯಿತು ಎಂಬ ವಿವರ. ಸುರಪುರ ಶೈಲಿಯ ಚಿತ್ರಕಲೆ ಬೆಳೆದ ಸೀಮೆಯವರಾದ ನಮಗೆ ಗೆರೆಯ ಕೆಲಸದ ಬೆಲೆ ಗೊತ್ತು. ಹೆಸರಿಲ್ಲದ ಆ ಡ್ರಾಫ್ಟ್ಸ್‌ಮನ್‌ಗಳ ಕೈ ಪಳಗಿದ ಕೈ. ಯಾವುದರ ಹಿಂದೆ ಯಾವುದು ಕೂರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಆದರೆ ಇದು ಸ್ಪೇರ್ಸ್ ಅಂಗಡಿಯ ಕೌಂಟರಿಗೆಂದು ಮಾಡಿದ ಪುಸ್ತಕ. ಎಷ್ಟು ಬಿಗಿ ಮಾಡಬೇಕು, ಎಷ್ಟು ಸಂದು ಬಿಡಬೇಕು ಎಂಬುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಇನ್ನು ಅಳತೆ, ಅದರಲ್ಲಿ ನಡೆಯಬಹುದಾದ ಹೆಚ್ಚುಕಡಿಮೆ, ಲೋಹ ಯಾವುದು, ಅದನ್ನು ಹದ ಮಾಡುವುದು ಹೇಗೆ – ಇವೆಲ್ಲ ಇರುವ ನಿಜವಾದ ನಕ್ಷೆ ಕಾರ್ಖಾನೆಯ ಗೇಟು ದಾಟಿದ್ದೇ ಅಪರೂಪ. ನಮ್ಮವರು ಮೂರನ್ನೂ ಒಂದೇ ಎಂದುಕೊಳ್ಳುತ್ತಾರೆ. ಲೇತ್ ಅಂಗಡಿಯವನಿಗೆ ಬೇಕಾಗಿರುವುದು ಮೂರನೆಯದು. ಅವನ ಕೈಗೆ ಬರುವುದು ಮೊದಲನೆಯದರ ಮಸುಕು ಫೋಟೊ. ಆಗ ಅವನು ಸವೆದ ಹಳೆ ಬುಷ್ಷನ್ನೇ ಅಳೆದು ಹೊಸದನ್ನು ಕಡೆಯುತ್ತಾನೆ. ಅಂದರೆ ಸವಕಳಿಯೂ ಹೊಸ ಬುಷ್ಷಿಗೆ ನಕಲಾಗುತ್ತದೆ. ತಪ್ಪು ಅವನದಲ್ಲ.

ಅಂಬಾಸಿಡರ್ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಅದರ ತಾಯಿ 1956ರ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿ. ಅಲ್ಲಿ ಆ ಕಾರು ಕೆಲವೇ ವರ್ಷ ತಯಾರಾಯಿತು. ಇಲ್ಲಿ ಹಿಂದೂಸ್ತಾನ್ ಮೋಟರ್ಸ್ ಅದನ್ನು ಉತ್ತರಪಾರಾದಲ್ಲಿ 2014ರ ಮೇ ತನಕ ಮಾಡಿತು. ಈ ಅರ್ಧ ಶತಮಾನದ ನಡುವೆ ಮಾರ್ಕ್ 2, 3, 4 ಬಂದವು, ಡೀಸೆಲ್ ಬಂತು, ಇಸುಜು ಎಂಜಿನ್ ಬಂತು. ಬ್ರಿಟನ್ನಿನ ಬಿಡಿಭಾಗಗಳ ಪಟ್ಟಿಗೆ ಇದಾವುದೂ ಗೊತ್ತಿಲ್ಲ. ಹಳೆ 1489 ಸಿಸಿ ಪೆಟ್ರೋಲ್ ಎಂಜಿನ್ ಮಟ್ಟಿಗೆ ಅದು ನಂಬಿಕಸ್ಥ: 73.025 ಮಿಮೀ ಬೋರ್, 88.9 ಮಿಮೀ ಸ್ಟ್ರೋಕ್. ಇದೇ ಬಿ-ಸೀರೀಸ್ ಎಂಜಿನ್ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು, ಹಾಗಾಗಿ ಆ ಕಾರಿನ ಅಭಿಮಾನಿಗಳು ಜೋಪಾನ ಮಾಡಿದ ಮಾಹಿತಿ ನಮಗೂ ಒದಗುತ್ತದೆ. ಬಾಗಿಲು, ಡ್ಯಾಶ್‌ಬೋರ್ಡ್, ವೈರಿಂಗ್ ಎಂದು ಹೊರಟರೆ ಮಾತ್ರ ಆ ಪುಸ್ತಕ ದಾರಿ ತಪ್ಪಿಸುತ್ತದೆ.

ಪುಸ್ತಕ ಓದದೆ ಆಗುವ ಅನಾಹುತವೂ ಸಣ್ಣದಲ್ಲ. ಈ ಎಂಜಿನ್ನಿನ ಬೋಲ್ಟುಗಳು ಇಂಚಿನ ಲೆಕ್ಕದವು. 5/16 ಬೋಲ್ಟಿನ ತಲೆ ಅರ್ಧ ಇಂಚು, ಎಂದರೆ 12.7 ಮಿಮೀ. ಅದಕ್ಕೆ 13ರ ಪಾನಾ ಹಾಕಿದರೆ ಕೂತಂತೆಯೇ ಕಾಣುತ್ತದೆ. ಜೋರು ಕೊಟ್ಟಾಗ ಮೂಲೆಗಳು ಸವೆದು ತಲೆ ದುಂಡಗಾಗುತ್ತದೆ. ಬೋಲ್ಟ್ ಕಳೆದರೆ ಅಂಗಡಿಯಲ್ಲಿ ಸಿಗುವುದು 8 ಮಿಮೀದು. ದಪ್ಪ ಹೆಚ್ಚುಕಮ್ಮಿ ಒಂದೇ. ಆದರೆ ಹಳೆಯದಕ್ಕೆ ಇಂಚಿಗೆ 24 ಮರೆ (ಥ್ರೆಡ್), ಹೊಸದರ ಮರೆ ಅದಕ್ಕಿಂತ ಒರಟು. ಒಂದೆರಡು ಸುತ್ತು ಒಳಗೆ ಹೋಗುತ್ತದೆ, ಆಮೇಲೆ ಬ್ಲಾಕಿನ ಮರೆಯನ್ನೇ ಕಿತ್ತು ಹಾಕುತ್ತದೆ. ಪಟ್ಟಿಯಲ್ಲಿ ಒಂದು ಸಾಲು ನೋಡಿದ್ದರೆ ಇದು ತಪ್ಪುತ್ತಿತ್ತು.

ಜೀಪಿನ ಕಥೆ ಇದಕ್ಕೆ ಉಲ್ಟಾ. ಅಮೆರಿಕದ ಸೈನ್ಯ 1944ರಲ್ಲಿ ಅಚ್ಚು ಹಾಕಿಸಿದ ಟಿಎಂ 9-803 ಕೈಪಿಡಿ, ಅದರ ಜೋಡಿ ಜಿ-503 ಬಿಡಿಭಾಗಗಳ ಪಟ್ಟಿ ಸರ್ಕಾರಿ ಪ್ರಕಟಣೆಗಳಾದ್ದರಿಂದ ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದು. ಎಂದೂ ಗೇರ್‌ಬಾಕ್ಸ್ ಬಿಚ್ಚದ ಹುಡುಗನಿಗೂ ತಿಳಿಯುವಂಥ ಬರಹ. ವಾಹನದ ಪುಸ್ತಕ ಹೀಗಿರಬೇಕು. ಆದರೆ ನಮ್ಮ ಕಡೆಯ ಹೊಲಗಳಲ್ಲಿ ಓಡಾಡಿದ್ದು ಮಹೀಂದ್ರಾದ ಸಿಜೆ-3ಬಿ ಮತ್ತು ಅದರ ಡೀಸೆಲ್ ತಮ್ಮಂದಿರು. ಮುಂದಿನ ಆಕ್ಸಲ್ ಮಟ್ಟಿಗೆ ಸೈನ್ಯದ ಚಿತ್ರ ಬಹುಪಾಲು ಹೊಂದುತ್ತದೆ, ಗೇರ್‌ಬಾಕ್ಸ್ ಹೊಂದುವುದಿಲ್ಲ: ಅಲ್ಲಿ ಟಿ-84, ಇಲ್ಲಿ ಟಿ-90. ಎಂಜಿನ್ ಬೇರೆಯೇ. ಸೈನ್ಯದ ಜೀಪಿನ ಹಸಿರು ಬಣ್ಣ, ಬಿಳಿ ನಕ್ಷತ್ರ ಹಚ್ಚಿ 'ಒರಿಜಿನಲ್' ಎಂದು ಮೆರೆಸುವವರು ಒಳಗಿನ ಡೀಸೆಲ್ ಎಂಜಿನ್ ಬಗ್ಗೆ ಬಾಯಿ ಬಿಡುವುದಿಲ್ಲ. ನನ್ನ ಕೇಳಿದರೆ, ರೈತ ಎಪ್ಪತ್ತರ ದಶಕದಲ್ಲಿ ಓಡಿಸಿದ ಮಹೀಂದ್ರಾವನ್ನು ಮಹೀಂದ್ರಾ ಆಗಿಯೇ ಉಳಿಸುವುದು ಹೆಚ್ಚು ಪ್ರಾಮಾಣಿಕ.

'ಮೂಲರೂಪ' ಈಗ ಬರೀ ಶೋಕಿಯ ಮಾತಾಗಿ ಉಳಿದಿಲ್ಲ. ಕೇಂದ್ರದ 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಗಣನೀಯ ಮಾರ್ಪಾಡು ಆಗಿರದ ವಾಹನಕ್ಕೆ ವಿಂಟೇಜ್ ನೋಂದಣಿ ಉಂಟು. ಶುಲ್ಕ 20,000 ರೂಪಾಯಿ. ಮಾರ್ಪಾಡು ಆಗಿಲ್ಲ ಎಂದು ಹೇಳಬೇಕಾದರೆ ಮೊದಲು ಹೇಗಿತ್ತು ಎಂಬ ದಾಖಲೆ ಬೇಡವೇ? ಆ ದಾಖಲೆ ಹುಡುಕುವುದೂ ಸುಲಭವಲ್ಲ. ನಮ್ಮ ಯಾದಗಿರಿ ಸೀಮೆ 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು, ಆಮೇಲೆ ಗುಲಬರ್ಗಾ ಜಿಲ್ಲೆಯಲ್ಲಿ, 2009ರ ಡಿಸೆಂಬರಿನಿಂದ ತನ್ನದೇ ಜಿಲ್ಲೆ. ಊರು ಬಿಟ್ಟು ಕದಲದ ಕಾರಿನ ಕಾಗದಪತ್ರವನ್ನೂ ಮೂರು ಕಡೆ ಹುಡುಕಬೇಕು. ಬ್ರಿಟನ್ನಿನಲ್ಲಾದರೆ ಗೇಡನ್ ಊರಿನ ಬ್ರಿಟಿಷ್ ಮೋಟರ್ ಮ್ಯೂಸಿಯಂ ಕಾರ್ಖಾನೆಯ ಹಳೆ ದಾಖಲೆ ನೋಡಿ ಆ ದೇಶದ ಹಲವು ಕಾರುಗಳಿಗೆ ಪ್ರಮಾಣಪತ್ರ ಕೊಡುತ್ತದೆ. ನಮ್ಮಲ್ಲಿ 2017ರಲ್ಲಿ ಅಂಬಾಸಿಡರ್ ಎಂಬ ಹೆಸರು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೆಜೊ ಕಂಪನಿಗೆ ಮಾರಾಟವಾಯಿತು. ಹೆಸರಿಗೆ ಬೆಲೆ ಕಟ್ಟಿದವರು ನಕ್ಷೆಗಳನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದರೆ ಹಳೆ ಕಾರಿಟ್ಟುಕೊಂಡವರಿಗೆ ಹೆಚ್ಚು ಉಪಕಾರವಾಗುತ್ತಿತ್ತು.

ಹಾಗಾಗಿ ವಿದೇಶಿ ಪಟ್ಟಿಗೆ ಕೊಡಬೇಕಾದಷ್ಟೇ ಬೆಲೆ ಕೊಡೋಣ. ಪಾರ್ಟ್ ನಂಬರ್ ಹುಡುಕಲು ಅದು ಸರಿ, ಲೇತಿಗೆ ಸಾಲದು, ನೋಂದಣಿಗೆ ಪೂರ್ತಿ ಸಾಕ್ಷಿಯೂ ಅಲ್ಲ. ನಮಗೆ ಬೇಕಿರುವುದು ಹಿಂದೂಸ್ತಾನ್ ಮೋಟರ್ಸ್, ಪ್ರೀಮಿಯರ್, ಮಹೀಂದ್ರಾ ಕಂಪನಿಗಳು ಇಲ್ಲಿಯೇ ಅಚ್ಚು ಹಾಕಿಸಿ ಏಜೆಂಟರಿಗೆ ಕೊಟ್ಟ ಪಟ್ಟಿಗಳು, ಮತ್ತು ಹಳೆ ಮಿಸ್ತ್ರಿಗಳು ಅಳತೆ ಗೀಚಿಟ್ಟ ನೋಟ್‌ಬುಕ್ಕುಗಳು. ಸವೆಯದ ಪಾರ್ಟ್ ಸಿಕ್ಕಾಗ ಅದನ್ನು ಮೈಕ್ರೊಮೀಟರಿನಲ್ಲಿ ಅಳೆದು ನಕ್ಷೆ ಬರೆಯುವುದು ಐಟಿಐ ಹುಡುಗರಿಗೆ ಕಷ್ಟದ ಪಾಠವೇನಲ್ಲ. ಮನೆಯಲ್ಲೋ ಹಳೆ ಅಂಗಡಿಯ ಅಟ್ಟದಲ್ಲೋ ಇಂಥ ಪುಸ್ತಕ ಇದ್ದವರು ರದ್ದಿಗೆ ಹಾಕುವ ಮುನ್ನ ಮುದ್ರಣದ ವರ್ಷ ಕಾಣುವಂತೆ ಪುಟಪುಟದ ಫೋಟೊ ತೆಗೆದು ಹತ್ತಿರದ ಗ್ಯಾರೇಜಿಗೆ ಒಂದು ಪ್ರತಿ ಕೊಡಿ. ಎಣ್ಣೆ ಕಲೆಯಾದ ಪುಟ, ಪೆನ್ಸಿಲಿನಲ್ಲಿ ತಿದ್ದಿದ ನಂಬರು – ಅವನ್ನೂ ಬಿಡಬೇಡಿ.