ಎರಡು ಪಾಳಿ ಒಂದಾದಾಗ

2016ರ ಬೇಸಿಗೆಯಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ಬಂತು. ಆ ರೈಲು ದೇಶಕ್ಕೆಲ್ಲ ಸುದ್ದಿಯಾಯಿತು. ನಮ್ಮ ಶಿರೂರ ಅನಂತಪಾಳದ ಕಡೆ ಟ್ಯಾಂಕರಿಗಾಗಿ ಹಚ್ಚಿದ ಕೊಡಗಳ ಪಾಳಿ ಯಾರಿಗೂ ಸುದ್ದಿಯಾಗಲಿಲ್ಲ. ನಸುಕಿನಲ್ಲೇ ಬಂದು ಕೊಡ ಇಟ್ಟು ಹೋದರೆ ಸಾಕು, ಟ್ಯಾಂಕರ್ ಬರುವ ತನಕ ಮನೆಯವರ ಪರವಾಗಿ ಕೊಡವೇ ನಿಂತಿರುತ್ತಿತ್ತು. ಒಬ್ಬರ ಕೊಡವನ್ನು ಇನ್ನೊಬ್ಬರು ಸರಿಸುತ್ತಿರಲಿಲ್ಲ. ಜಗಳ ಹತ್ತಿದ್ದು ಎರಡು ಓಣಿಗೆ ಎರಡು ಟ್ಯಾಂಕರ್ ಬರಬೇಕಾದ ದಿನ ಒಂದೇ ಬಂದಾಗ. ಮೇಲಿನ ಓಣಿಯವರು ನಾಲ್ಕಕ್ಕೇ ಕೊಡ ಇಟ್ಟೀವಿ ಎಂದರು. ಕೆಳಗಿನ ಓಣಿಯವರು, ಆರಕ್ಕೆ ಇಟ್ಟರೂ ನಮ್ಮ ಪಾಳಿಯೊಳಗ ನಾವು ಮೂರನೆಯವರು, ಈಗ ಮೂವತ್ತನೆಯವರು ಹೆಂಗಾಗತೀವಿ ಎಂದು ಕೇಳಿದರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಅದೇ ತೊಡಕು.

ಎರಡು ವಿಮಾನ ಕಂಪನಿ ಒಂದಾದಾಗ ಪೈಲಟ್‌ಗಳು ವರ್ಷಗಟ್ಟಲೆ ನಡೆಸುವ ಜಗಳದ ವರದಿ ಓದುವಾಗಲೆಲ್ಲ ನನ್ನ ಕಣ್ಣಿಗೆ ಆ ಕೊಡಗಳೇ ಕಟ್ಟುತ್ತವೆ. ಲಕ್ಷಗಟ್ಟಲೆ ಪಗಾರ ಎಣಿಸುವವರು ಒಂದು ಕ್ರಮಸಂಖ್ಯೆಗಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಾರಲ್ಲ ಎಂದು ಹೊರಗಿನವರಿಗೆ ನಗು. ಆ ಸಂಖ್ಯೆಯ ಕೆಲಸ ಏನೆಂದು ತಿಳಿದರೆ ನಗು ನಿಲ್ಲುತ್ತದೆ. ಬಲಗಡೆಯ ಸೀಟಿನ ಕೋ-ಪೈಲಟ್ ಎಡಗಡೆಯ ಕಮಾಂಡರ್ ಸೀಟಿಗೆ ಯಾವಾಗ ಬರಬೇಕು, ದೊಡ್ಡ ವಿಮಾನದ ತರಬೇತಿಗೆ ಮೊದಲು ಯಾರು ಹೋಗಬೇಕು, ಯಾರ ನೆಲೆ ಯಾವ ಊರು, ದೀಪಾವಳಿಯ ದಿನ ಮನೆಯಲ್ಲಿರುವವರು ಯಾರು, ಕಂಪನಿ ಸೋತಾಗ ಮೊದಲು ಮನೆಗೆ ಹೋಗುವವರು ಯಾರು, ಇಷ್ಟನ್ನೂ ಬಹಳ ಕಡೆ ಸೀನಿಯಾರಿಟಿ ಪಟ್ಟಿಯೇ ನಿರ್ಧರಿಸುತ್ತದೆ. ಕೊನೆಗೆ ಬಂದವನು ಮೊದಲು ಹೋಗಬೇಕೆಂಬ ನೇಮ ನಮ್ಮ 1947ರ ಕೈಗಾರಿಕಾ ವಿವಾದ ಕಾಯ್ದೆಯ 25-ಜಿ ಕಲಮಿನಲ್ಲೂ ಇತ್ತು.

ಪದ್ಧತಿಯ ಗುಣವನ್ನು ಮೊದಲು ಹೇಳಿಬಿಡಬೇಕು. ಮಳೆ ಮೋಡ ಕಂಡು ಈ ಹೊತ್ತು ಹಾರುವುದಿಲ್ಲ ಎನ್ನುವ ಧೈರ್ಯ ಪೈಲಟ್‌ಗೆ ಬೇಕು. ಅವನ ಬಡ್ತಿ ಸಾಹೇಬರ ಮರ್ಜಿಯಲ್ಲಿದ್ದರೆ ಆ ಧೈರ್ಯ ಬರುವುದು ಕಷ್ಟ. ಯಾರಿಗೂ ಸಲಾಮು ಹೊಡೆಯದೆ ಮೇಲೇರುವ ದಾರಿಯೊಂದು ಪಟ್ಟಿಯಲ್ಲಿದೆ. ನಿಲಂಗಾ ಬಸ್ ಡಿಪೋದ ಡ್ರೈವರನಿಗೂ ಈ ಮಾತು ಅರ್ಥವಾಗುತ್ತದೆ. ನೈಟ್ ಹಾಲ್ಟಿನ ಗಾಡಿ ಯಾರಿಗೆ, ದಿನದ ಗಾಡಿ ಯಾರಿಗೆ ಎಂಬುದರಲ್ಲೇ ಅವನ ಸಂಸಾರ ಇರುತ್ತದೆ. ಒಂದೇ ನಲ್ಲಿಯ ಮುಂದಿನ ಒಂದೇ ಪಾಳಿಯಾಗಿ ನೋಡಿದರೆ ಸೀನಿಯಾರಿಟಿಗೆ ಹೆಸರಿಡುವುದು ಕಷ್ಟ.

ಪರೀಕ್ಷೆ ಇರುವುದು ಎರಡು ಪಾಳಿ ಕೂಡುವಲ್ಲಿ. ಅಲ್ಲಿ ನಮ್ಮ ದೇಶ ಕೆಟ್ಟದಾಗಿ ನಪಾಸಾದದ್ದು 2007ರಲ್ಲಿ. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಆ ವರ್ಷ ಒಂದೇ ಕಂಪನಿಯಾದವು. ಏರ್ ಇಂಡಿಯಾ ಕಡೆ ಬೋಯಿಂಗ್ ವಿಮಾನ, ದೂರದ ದೇಶ, ಕಮಾಂಡರ್ ಆಗಲು ಉದ್ದನೆಯ ಕಾಯುವಿಕೆ. ಇನ್ನೊಂದು ಕಡೆ ಏರ್‌ಬಸ್, ದೇಶದೊಳಗಿನ ಹಾರಾಟ, ಎಡಗಡೆಯ ಸೀಟು ಬೇಗ. ಒಂದು ಕಡೆಯವರ ಸಂಘ ಇಂಡಿಯನ್ ಪೈಲಟ್ಸ್ ಗಿಲ್ಡ್, ಇನ್ನೊಂದು ಕಡೆಯವರದು ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್. ಹೆಸರು, ಬಾಲದ ಬಣ್ಣ, ಲೆಕ್ಕದ ಪುಸ್ತಕ ಎಲ್ಲ ಒಂದಾದವು. ಪಗಾರ ಮತ್ತು ಪಟ್ಟಿಯನ್ನು ಮಾತ್ರ ಆಮೇಲೆ ನೋಡೋಣ ಎಂದು ಮಾಳಿಗೆಗೆ ಎತ್ತಿಟ್ಟರು. ಮದುವೆ ಮುಗಿದ ಮೇಲೆ ಮಾತುಕತೆಗೆ ಕುಳಿತ ಹಾಗೆ.

ಫಲ ನಾಲ್ಕು ವರ್ಷಕ್ಕೆ ಕಂಡಿತು. 2011ರ ಏಪ್ರಿಲ್ ಕೊನೆಯಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಸಮಾನ ವೇತನ ಕೇಳಿ ಮುಷ್ಕರ ಹೂಡಿದರು. ಆ ಬಳಿಕ ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿ ಕೂತಿತು, 2012ರ ಜನವರಿಯಲ್ಲಿ ವರದಿ ಕೊಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಹಳೆಯ ಏರ್ ಇಂಡಿಯಾದವರು ಎದ್ದರು. ಅವರ ಸಿಟ್ಟು ಇನ್ನೂ ಬಂದಿರದ ಒಂದು ವಿಮಾನದ ಮೇಲೆ. ಬೋಯಿಂಗ್ 787 ಡ್ರೀಮ್‌ಲೈನರನ್ನು ವಿಲೀನಕ್ಕೆ ಮೊದಲು ಆರ್ಡರ್ ಮಾಡಿದ್ದು ಏರ್ ಇಂಡಿಯಾ, ಹಾಗಾಗಿ ಅದರ ತರಬೇತಿ ತಮ್ಮ ಹಕ್ಕು ಎಂಬುದು ಅವರ ವಾದ. ಈಗ ಒಂದೇ ಕಂಪನಿಯಲ್ಲವೇ, ಇಬ್ಬರನ್ನೂ ಕಳಿಸುತ್ತೇವೆ ಎಂಬುದು ಆಡಳಿತದ ಉತ್ತರ. ಮುಷ್ಕರ 58 ದಿನ ನಡೆಯಿತು. ಸಂಘದ ಮಾನ್ಯತೆ ಹೋಯಿತು, ನೂರರಷ್ಟು ಪೈಲಟ್‌ಗಳು ಕೆಲಸ ಕಳೆದುಕೊಂಡರು, ಕೊನೆಗೆ ಜುಲೈ ಮೊದಲ ವಾರ ದಿಲ್ಲಿ ಹೈಕೋರ್ಟಿನ ಮುಂದೆ ಅದು ಮುಗಿಯಿತು. ಮೊದಲ ಡ್ರೀಮ್‌ಲೈನರ್ ದಿಲ್ಲಿಗೆ ಇಳಿದದ್ದು ಸೆಪ್ಟೆಂಬರಿನಲ್ಲಿ. ಟ್ಯಾಂಕರ್ ಬರುವ ಮೊದಲೇ ಕೊಡ ಒಡೆದುಕೊಂಡಿದ್ದರು.

ಆಗ ಪತ್ರಿಕೆಗಳು ಇದನ್ನು ಸೊಕ್ಕು ಎಂದು ಬರೆದವು. ಜೇಬು ತುಂಬಿದವರು ಹೆಚ್ಚಿನ ಜೇಬು ಹೊಲಿಸಿಕೊಳ್ಳುತ್ತಿದ್ದಾರೆ ಎಂಬ ಧಾಟಿ. ಸೊಕ್ಕು ಇರಲಿಲ್ಲ ಎಂದು ನಾನೂ ಹೇಳಲಾರೆ. ಆದರೆ ಬರೆದವರು ಸೀನಿಯಾರಿಟಿಯನ್ನು ಹಿಂದೆ ದುಡಿದದ್ದಕ್ಕೆ ಸಿಕ್ಕ ಬಹುಮಾನ ಎಂದು ತಿಳಿದಿದ್ದರು. ಪೈಲಟ್‌ನ ಲೆಕ್ಕದಲ್ಲಿ ಅದು ಮುಂದಿನ ಇಪ್ಪತ್ತೈದು ವರ್ಷದ ಮೇಲೆ ಹಾಕಿದ ಗೆರೆ. ನಮ್ಮ ರೈತ ಬಾಂದಿನ ಕಲ್ಲಿಗೆ ಹೊಡೆದಾಡುವುದು ಕಲ್ಲಿಗಾಗಿ ಅಲ್ಲವಲ್ಲ.

ಅಮೆರಿಕದಲ್ಲಿ ಈ ಜಗಳ ಹಳೆಯದು, ಅಲ್ಲಿ ಎರಡು ಉತ್ತರಗಳನ್ನೂ ಪ್ರಯೋಗ ಮಾಡಿ ನೋಡಿದ್ದಾರೆ. ಒಂದು, ಕೆಲಸಕ್ಕೆ ಸೇರಿದ ತಾರೀಖು ನೋಡಿ ಪೋಣಿಸುವುದು. ಅದು ಮೇಲಿನ ಓಣಿಯವರ ವಾದ. ಇನ್ನೊಂದು, ಅವರವರ ಪಾಳಿಯಲ್ಲಿ ಎಷ್ಟನೆಯವರೋ ಅದೇ ಪ್ರಮಾಣದಲ್ಲಿ ಇಬ್ಬರನ್ನೂ ಹೆಣೆಯುವುದು. ಅದು ಕೆಳಗಿನ ಓಣಿಯದು. 2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಕೂಡಿದವು. ಪಂಚರಾಗಿ ಬಂದ ಜಾರ್ಜ್ ನಿಕೊಲಾವ್ 2007ರಲ್ಲಿ ಎರಡನೆಯ ದಾರಿ ಹಿಡಿದರು. ದೊಡ್ಡ ವಿಮಾನ ಹಾರಿಸುತ್ತಿದ್ದ ಯುಎಸ್ ಏರ್‌ವೇಸಿನವರನ್ನು ತಲೆಗೆ ಇಟ್ಟರೂ, ಅದೇ ಕಂಪನಿಯಿಂದ ಕೆಲಸ ಕಳೆದುಕೊಂಡು ಮನೆಯಲ್ಲಿದ್ದ, ಸುಮಾರು 16 ವರ್ಷ ಸೇವೆ ಮಾಡಿದ್ದವರು ಅಮೆರಿಕ ವೆಸ್ಟಿಗೆ ನಿನ್ನೆ ಮೊನ್ನೆ ಸೇರಿದ ಹುಡುಗರ ಕೆಳಗೆ ಬಿದ್ದರು. ದಿವಾಳಿ ಅಂಚಿನಲ್ಲಿದ್ದ ಕಂಪನಿಯಲ್ಲಿ ನಿಮ್ಮ 16 ವರ್ಷಕ್ಕೆ ಇದ್ದ ಬೆಲೆ ಅಷ್ಟೇ ಎಂದ ಹಾಗಾಯಿತು. ತರ್ಕ ಸರಿ, ಕರುಳು ಒಪ್ಪಲಿಲ್ಲ. ಸಂಖ್ಯೆಯಲ್ಲಿ ಹೆಚ್ಚಿದ್ದ ಅವರು 2008ರಲ್ಲಿ ಹಳೆಯ ಸಂಘವನ್ನೇ ಕಿತ್ತು ಹೊಸದನ್ನು ಕಟ್ಟಿದರು. ಪಂಚರ ಪಟ್ಟಿ ಜಾರಿಯಾಗಲೇ ಇಲ್ಲ. ಒಂದೇ ಹೆಸರಿನ ಕಂಪನಿಯಲ್ಲಿ ಎರಡು ಪಟ್ಟಿ ವರ್ಷಾನುಗಟ್ಟಲೆ ಬೇರೆ ಬೇರೆ ಓಡಿದವು.

ಅದೇ 2008ರಲ್ಲಿ ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ಕೂಡುವ ಮಾತು ನಡೆದಿತ್ತು. ಪೈಲಟ್‌ಗಳು ಪಟ್ಟಿಯ ಮೇಲೆ ಒಪ್ಪದೆ ಮಾತುಕತೆ ಒಮ್ಮೆ ಕುಂಟಿತು. ಕೊನೆಗೆ ಜಾಣತನ ಮಾಡಿದರು. ಅಕ್ಟೋಬರಿನಲ್ಲಿ ವಿಲೀನ ಮುಗಿಯುವ ಮೊದಲೇ ಇಬ್ಬರಿಗೂ ಒಂದೇ ವೇತನ ಒಪ್ಪಂದವಾಯಿತು, ಪಟ್ಟಿಯನ್ನು ಪಂಚರಿಗೆ ಒಪ್ಪಿಸಿದರು, ಡಿಸೆಂಬರಿಗೆ ತೀರ್ಪು ಕೈಗೆ ಬಂತು. ಎಲ್ಲರೂ ಖುಷಿಯಾಗಲಿಲ್ಲ, ಆದರೆ ಮುಗಿಯಿತು. ಯಾವ ಸೂತ್ರ ಹೆಚ್ಚು ನ್ಯಾಯದ್ದು ಎಂದು ನನ್ನನ್ನು ಕೇಳಿದರೆ ಗಟ್ಟಿಯಾಗಿ ಹೇಳಲಾರೆ. ಯಾವ ಹೊತ್ತಿಗೆ ತೀರ್ಮಾನವಾಗಬೇಕು ಎಂದು ಕೇಳಿದರೆ ಅನುಮಾನವಿಲ್ಲ: ಬಾಗಿಲ ಮೇಲೆ ಹೊಸ ಹೆಸರು ಬರೆಯುವ ಮೊದಲು.

ಇನ್ನು ಎಣ್ಣೆಯ ಮಾತು. ಆ ವರ್ಷಗಳ ವಿಲೀನಗಳಿಗೆಲ್ಲ ಕೊಟ್ಟ ಕಾರಣದಲ್ಲಿ ಇಂಧನದ ಬೆಲೆ ತಪ್ಪದೆ ಇರುತ್ತಿತ್ತು. ಕಾರಣ ಸುಳ್ಳಲ್ಲ. 2008ರ ಜನವರಿಯಲ್ಲಿ ಕಚ್ಚಾ ತೈಲ ಬ್ಯಾರಲ್ಲಿಗೆ 100 ಡಾಲರ್ ಮುಟ್ಟಿತು, ಜುಲೈಯಲ್ಲಿ 147. ನಮ್ಮಲ್ಲಿ ವಿಮಾನ ಇಂಧನ ಕಿಲೋಲೀಟರಿಗೆ 70,000 ರೂಪಾಯಿ ದಾಟಿತು. ಅದರ ಮೇಲೆ ರಾಜ್ಯಗಳ ತೆರಿಗೆ. ಮುಂದೆ ಜಿಎಸ್‌ಟಿ ಬಂದಾಗಲೂ ಈ ಇಂಧನವನ್ನು ಹೊರಗೇ ಇಟ್ಟರು. ಬೆಂಗಳೂರಿನಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಹುಟ್ಟಿದ್ದು 2003ರಲ್ಲಿ. 2007ರಲ್ಲಿ ವಿಜಯ್ ಮಲ್ಯರ ಯುಬಿ ಗುಂಪು ಅದರಲ್ಲಿ 26% ಪಾಲು ಕೊಂಡಿತು. 2008ರಲ್ಲಿ ಮಲ್ಯರ ಕಿಂಗ್‌ಫಿಷರ್ ಮತ್ತು ಡೆಕ್ಕನ್ ಎರಡೂ ಕೂಡಿ ಡೆಕ್ಕನ್ ಹೆಸರು ಕಿಂಗ್‌ಫಿಷರ್ ರೆಡ್ ಆಯಿತು. ಐದು ವರ್ಷ ತುಂಬದ ಕಂಪನಿ ಹೊರದೇಶಕ್ಕೆ ಹಾರಬಾರದೆಂಬ ಆಗಿನ ನಿಯಮ ದಾಟಲು ಡೆಕ್ಕನ್ನಿನ ವಯಸ್ಸು ಬೇಕಾಗಿತ್ತು ಎಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಅಲ್ಲಿಯೂ ಒಂದು ಬಗೆಯ ಸೀನಿಯಾರಿಟಿಯನ್ನೇ ಕೊಂಡದ್ದು, ನೋಡಿ! ಕಂಪನಿಯ ವಯಸ್ಸಿಗೆ ಬೆಲೆ ಕಟ್ಟುವವರು ಇದ್ದರು.

ಆದರೆ ಅದೇ 2008ರ ಡಿಸೆಂಬರಿನಲ್ಲಿ ತೈಲ 40 ಡಾಲರಿಗಿಂತ ಕೆಳಗಿತ್ತು. ನನ್ನ ತಕರಾರು ಇಲ್ಲಿದೆ. ಎಣ್ಣೆಯ ಬೆಲೆ ಆರು ತಿಂಗಳಲ್ಲಿ ಹತ್ತಿ ಇಳಿಯುತ್ತದೆ. ಅದರ ಭಯದಲ್ಲಿ ಕೂಡಿಸಿದ ಪಟ್ಟಿ ಮಾತ್ರ ಒಬ್ಬ ಮನುಷ್ಯನ ಪೂರ್ತಿ ನೌಕರಿಯ ತನಕ ಇರುತ್ತದೆ. ಎಣ್ಣೆ ಏರಿದೆ, ಎಲ್ಲರೂ ಹೊಂದಿಕೊಳ್ಳಿ ಎನ್ನುವವರು ಎಣ್ಣೆ ಇಳಿದಾಗ ಪಟ್ಟಿಯನ್ನು ಮತ್ತೆ ತೆರೆದ ಉದಾಹರಣೆ ನಾನು ಕಂಡಿಲ್ಲ. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಪಟ್ಟಿಯೇ ಮಾಯವಾಯಿತು. ಲೈಸೆನ್ಸು, ಹಾರಿದ ತಾಸುಗಳು ಪೈಲಟ್‌ನ ಜೊತೆ ಹೊರಗೆ ಬರುತ್ತವೆ, ಕ್ರಮಸಂಖ್ಯೆ ಬರುವುದಿಲ್ಲ.

ಒಂದು ವ್ಯತ್ಯಾಸ ಹೇಳದಿದ್ದರೆ ತಪ್ಪಾಗುತ್ತದೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಬೇರೆಡೆ ಕಮಾಂಡರ್ ಆಗಿದ್ದವನೂ ಪಟ್ಟಿಯ ಬುಡದಿಂದ ಸುರುಮಾಡಬೇಕು. ನಮ್ಮಲ್ಲಿ ಪೈಲಟ್‌ಗಳ ಕೊರತೆಯಿಂದಾಗಿ ಕಮಾಂಡರನನ್ನು ಕಮಾಂಡರ್ ಆಗಿಯೇ ಕರೆದುಕೊಳ್ಳುತ್ತಾರೆ. ಹಾಗಾಗಿ ನಮ್ಮವರಿಗೆ ಬಾಗಿಲು ತೆರೆದಿದೆ ಎನ್ನಬಹುದಿತ್ತು. ಆದರೆ 2017ರಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ ಕಮಾಂಡರಿಗೆ ಒಂದು ವರ್ಷ, ಕೋ-ಪೈಲಟ್‌ಗೆ ಆರು ತಿಂಗಳು ಮುಂಚಿತ ನೋಟಿಸು ಕಡ್ಡಾಯ ಮಾಡಿತು. ಅಲ್ಲಿ ಪಟ್ಟಿ ಕಟ್ಟಿಹಾಕಿದರೆ ಇಲ್ಲಿ ನೋಟಿಸು ಕಟ್ಟಿಹಾಕುತ್ತದೆ. 2024ರ ಏಪ್ರಿಲಿನಲ್ಲಿ ವಿಸ್ತಾರಾದ ವಿಮಾನಗಳು ಸಾಲಾಗಿ ರದ್ದಾದದ್ದು ನೆನಪಿರಬಹುದು. ಏರ್ ಇಂಡಿಯಾದೊಂದಿಗಿನ ವಿಲೀನಕ್ಕೆ ಮುಂಚೆ ಹೊಸ ವೇತನ ಕ್ರಮದಲ್ಲಿ ಖಾತ್ರಿ ಹಾರಾಟವನ್ನು ತಿಂಗಳಿಗೆ 70 ತಾಸಿನಿಂದ 40ಕ್ಕೆ ಇಳಿಸಿದ್ದರು. ಪೈಲಟ್‌ಗಳು ಬೀದಿಗೆ ಬರಲಿಲ್ಲ, ರಜೆ ಹಾಕಿದರು. ನವೆಂಬರ್ 12ಕ್ಕೆ ವಿಲೀನವಾಯಿತು. 2007ಕ್ಕಿಂತ ಇದು ಮೇಲು, ಏಕೆಂದರೆ ಈ ಸಲ ಜಗಳ ಮದುವೆಗೆ ಮೊದಲು ಆಯಿತು.

ವಿಲೀನ ಎಂಬ ಶಬ್ದ ನಮ್ಮ ಊರಿಗೆ ವಿಮಾನದ ಮೂಲಕ ಬಂದದ್ದಲ್ಲ. 2021ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದಲ್ಲಿ ಡೀಸೆಲ್ ಲೀಟರಿಗೆ 100 ರೂಪಾಯಿ ದಾಟಿದ ತಿಂಗಳಲ್ಲೇ ಎಸ್‌ಟಿ ಬಸ್ ನೌಕರರು ಮುಷ್ಕರ ಸುರುಮಾಡಿದರು. ಮುಖ್ಯ ಬೇಡಿಕೆ ವಿಲೀನೀಕರಣ: ಸಾರಿಗೆ ಮಹಾಮಂಡಳವನ್ನು ರಾಜ್ಯ ಸರ್ಕಾರದಲ್ಲಿ ಕೂಡಿಸಿ. ಉದಗೀರ, ನಿಲಂಗಾ, ಉಮರಗಾ ಬಸ್ ಸ್ಟ್ಯಾಂಡುಗಳಲ್ಲಿ ಕೆಂಪು ಗಾಡಿ ನಿಂತವು. ಬೀದರ ಕಡೆಯಿಂದ ಬರುವ ಕರ್ನಾಟಕದ ಬಸ್ಸಿಗೆ ಜನ ಜೋತುಬಿದ್ದರು. ಸರ್ಕಾರದ ಸಮಿತಿ ವಿಲೀನ ಆಗದು ಎಂದಿತು, 2022ರ ಏಪ್ರಿಲ್ 22ರೊಳಗೆ ಕೆಲಸಕ್ಕೆ ಮರಳಿ ಎಂದು ಮುಂಬಯಿ ಹೈಕೋರ್ಟು ಹೇಳಿತು. ವಿಚಿತ್ರವೆಂದರೆ ಪೈಲಟ್‌ಗಳು ವಿಲೀನವಾದದ್ದಕ್ಕೆ ಒದ್ದಾಡಿದರೆ ಡ್ರೈವರುಗಳು ವಿಲೀನ ಬೇಕೆಂದು ಒದ್ದಾಡಿದರು. ವಿಲೀನವಾಗಿದ್ದರೆ ಲಕ್ಷಗಟ್ಟಲೆ ಸರ್ಕಾರಿ ನೌಕರರ ನಡುವೆ ಅವರ ಕೊಡ ಎಲ್ಲಿ ನಿಲ್ಲುತ್ತಿತ್ತು ಎಂದು ಆಗ ಯಾರೂ ಕೇಳಲಿಲ್ಲ. ಹಸಿದವನು ಪಂಕ್ತಿಯಲ್ಲಿ ಎಷ್ಟನೆಯ ಎಲೆ ಎಂದು ಕೇಳುವುದಿಲ್ಲ.

ಕೇಳಬೇಕಾಗಿತ್ತು, ಏಕೆಂದರೆ ಇಲ್ಲಿಯ ಹಿರಿಯರು ಒಮ್ಮೆ ಅದನ್ನು ಉಂಡಿದ್ದರು. 1956ರ ತನಕ ನಿಲಂಗಾ, ಉದಗೀರ ತಾಲೂಕುಗಳು ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ನವೆಂಬರ್ 1ಕ್ಕೆ ಅವು ಮುಂಬಯಿ ರಾಜ್ಯಕ್ಕೆ ಹೋದವು, ಬೀದರ ಮೈಸೂರಿಗೆ. ಗುಮಾಸ್ತರು, ಮಾಸ್ತರರು, ತಹಸೀಲ್ದಾರರು ಪಾಳಿ ಸಮೇತ ಹೊಸ ರಾಜ್ಯದ ಪಾಳಿಗೆ ಬಂದು ನಿಂತರು. ಕಾಗದದ ಮೇಲೆ ಆ ವಿಲೀನ ವಿಮಾನ ಕಂಪನಿಗಳದಕ್ಕಿಂತ ಎಷ್ಟೋ ಅಚ್ಚುಕಟ್ಟು. ಹುದ್ದೆಗಳನ್ನು ಸರಿಗಟ್ಟಲು ನಾಲ್ಕು ಅಳತೆ ಹಾಕಿದ್ದರು: ಕೆಲಸದ ಬಗೆ, ಅಧಿಕಾರ ಮತ್ತು ಹೊಣೆ, ಬೇಕಾದ ಕನಿಷ್ಠ ವಿದ್ಯಾರ್ಹತೆ, ಸಂಬಳ. ಸೇವಾ ಷರತ್ತನ್ನು ನೌಕರನಿಗೆ ನಷ್ಟವಾಗುವಂತೆ ಬದಲಿಸಬೇಕಾದರೆ ಕೇಂದ್ರದ ಪೂರ್ವಾನುಮತಿ ಬೇಕೆಂದು ಪುನರ್ವಿಂಗಡಣಾ ಕಾಯ್ದೆಯ 115ನೆಯ ಕಲಂ ಹೇಳಿತು. ಪೈಲಟ್‌ಗಳಿಗೆ 2007ರಲ್ಲಿ ಇಂಥ ಒಂದು ಸಾಲಾದರೂ ಸಿಕ್ಕಿದ್ದರೆ!

ಆದರೂ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಹೋದವರು ಹೈದರಾಬಾದಿನಿಂದ ಹೀಗೆ ಬಂದ ಮರಾಠವಾಡದ ತಹಸೀಲ್ದಾರರೇ. ಡೆಪ್ಯುಟಿ ಕಲೆಕ್ಟರ್ ಬಡ್ತಿ ತಮಗೆ ತಡವಾಗುತ್ತಿದೆ ಎಂಬುದು ದೂರು. ಬಡ್ತಿಯ ಅವಕಾಶ ಕಡಿಮೆಯಾದರೆ ಅದು ಸೇವಾ ಷರತ್ತು ಬದಲಾದಂತೆ ಅಲ್ಲ, ಅದು ಬರಿಯ ಅವಕಾಶ ಎಂದು ಕೋರ್ಟು ಹೇಳಿತು. ಕಾನೂನಿನ ಕಣ್ಣಲ್ಲಿ ಅದು ಸರಿ ಇರಬಹುದು. ಆದರೆ ಪಾಳಿಯಲ್ಲಿ ನಿಂತವನಿಗೆ ಅವಕಾಶ ಬಿಟ್ಟು ಬೇರೆ ಏನಿದೆ? ಅದೊಂದನ್ನು ಕಾಯ್ದೆಯ ಕಾವಲಿನಿಂದ ಹೊರಗಿಟ್ಟ ಮೇಲೆ ಉಳಿದ ಕಾವಲು ಪಗಾರದ ಚೀಟಿಗೆ ಮಾತ್ರ. ಇನ್ನೊಂದು ಅಂಶದಲ್ಲಿ ತಹಸೀಲ್ದಾರರು ಗೆದ್ದರು. ರಾಜ್ಯಕ್ಕೆಲ್ಲ ಒಂದೇ ಕೇಡರ್ ಎನ್ನುತ್ತ ಬಡ್ತಿಯನ್ನು ವಿಭಾಗವಾರು ಪಟ್ಟಿಯ ಮೇಲೆ ಕೊಡುವುದು ಸಮಾನ ಅವಕಾಶಕ್ಕೆ ವಿರುದ್ಧ ಎಂದು ಪೀಠ ಆ ಪದ್ಧತಿಯನ್ನು ತಳ್ಳಿಹಾಕಿತು. ಒಂದು ಹೆಸರು, ಹಲವು ಪಟ್ಟಿ: ಅದೇ ರೋಗ. ತೀರ್ಪು ಬಂದದ್ದು 1973ರ ನವೆಂಬರಿನಲ್ಲಿ, ಪಾಳಿಗಳು ಕೂಡಿ 17 ವರ್ಷವಾದ ಮೇಲೆ. 1956ರಲ್ಲಿ 45 ದಾಟಿದ್ದ ತಹಸೀಲ್ದಾರರು ಆ ಹೊತ್ತಿಗೆ ಪಿಂಚಣಿಯ ಪಾಳಿಯಲ್ಲಿದ್ದರು.