ಎತ್ತಿದ ತೋಳು, ಇಳಿಸಿದ ಕೈ: ಆದಿಪುರಾಣದ ಒಂದು ಮುಖಾಮುಖಿ

ಪಂಪನ ಆದಿಪುರಾಣದ (ಕ್ರಿ.ಶ. 941) ಭರತ-ಬಾಹುಬಲಿ ಪ್ರಸಂಗವನ್ನು ಅಧಿಕಾರದಾಹ ಮತ್ತು ವೈರಾಗ್ಯಗಳ ಸಂಘರ್ಷವೆಂದು ಓದುವುದು ರೂಢಿ. ಆ ಓದು ತಪ್ಪಲ್ಲ. ಆದರೆ ಅಣ್ಣತಮ್ಮಂದಿರು ಎದುರುಬದುರಾಗುವ ಬಗೆ ಅದರಲ್ಲಿ ಗೌಣವಾಗಿಬಿಡುತ್ತದೆ.

ದಿಗ್ವಿಜಯದಿಂದ ಮರಳಿದ ಭರತನ ಚಕ್ರರತ್ನ ಅಯೋಧ್ಯೆಯನ್ನು ಹೊಗದೆ ಹೊರಗೇ ನಿಲ್ಲುತ್ತದೆ. ತಮ್ಮಂದಿರು ಇನ್ನೂ ಮಣಿದಿಲ್ಲ. ಬಾಹುಬಲಿಯ ಬಳಿಗೆ ಭರತ ತಾನು ಹೋಗುವುದಿಲ್ಲ, ದೂತನನ್ನು ಕಳುಹಿಸುತ್ತಾನೆ. ಬಾಹುಬಲಿಯ ಮರುಮಾತಿನ ತಿರುಳು ಇಷ್ಟು: ಹಿರಿಯಣ್ಣನಿಗೆ ಎರಗುವುದು ಪರಿಭವವಲ್ಲ, ನೆತ್ತಿಯ ಮೇಲೆ ಬಾಳನ್ನು ಊರಿ ಎರಗಿಸಹೊರಟವನಿಗೆ ಎರಗಿದರೆ ಅದು ಅಂಜಿಕೆ. ಅಂದರೆ ಅವನು ನಿರಾಕರಿಸಿದ್ದು ನಮಸ್ಕಾರವನ್ನಲ್ಲ, ಅದನ್ನು ಕೇಳಿದ ರೀತಿಯನ್ನು. ದೂತನ ಬಾಯಲ್ಲಿ ಅಣ್ಣ ಬರಿಯ ಚಕ್ರವರ್ತಿಯಾಗಿದ್ದಾನೆ.

ಸೇನೆಗಳ ನಾಶವನ್ನು ತಪ್ಪಿಸಲು ಮಂತ್ರಿಗಳು ಸೂಚಿಸುವ ಮೂರು ಯುದ್ಧಗಳು ಈ ಮಧ್ಯಸ್ಥಿಕೆಯನ್ನು ತೆಗೆದುಹಾಕುತ್ತವೆ. ದೃಷ್ಟಿಯುದ್ಧದಲ್ಲಿ ನೋಟವಷ್ಟೇ ತಾಗುತ್ತದೆ. ಜಲಯುದ್ಧದಲ್ಲಿ ಒಬ್ಬ ಎರಚಿದ ನೀರು ಇನ್ನೊಬ್ಬನನ್ನು ತಾಗುತ್ತದೆ. ಮಲ್ಲಯುದ್ಧದಲ್ಲಿ ಮೈಗೆ ಮೈ. ಅಂತರ ಹಂತಹಂತವಾಗಿ ಕರಗುತ್ತದೆ. ಅಷ್ಟಾದಶವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದೆಂಬುದನ್ನು ನೆನೆದರೆ, ವಿಹಾರದ ಚೇಷ್ಟೆಯೇ ಇಲ್ಲಿ ರಾಜ್ಯದ ಪಣವಾಗಿರುವುದು ಗಮನಾರ್ಹ.

ಮೂರರಲ್ಲೂ ಗೆಲ್ಲುವವನು ಬಾಹುಬಲಿ. ಆದರೆ ಪ್ರಸಂಗದ ನಡುಗಂಬವಿರುವುದು ಗೆಲವಿನಲ್ಲಲ್ಲ. ಮೇಲಕ್ಕೆತ್ತಿದ ಭರತನನ್ನು ನೆಲಕ್ಕೆ ಅಪ್ಪಳಿಸದೆ, ಇವನು ಗುರು, ಹಿರಿಯ, ಚಕ್ರೇಶ, ಅರಸರ ಸಭೆಯಲ್ಲಿ ಇವನ ಮಾನಗೆಡಿಸಬಾರದೆಂದು ಬಗೆದು ಮೆಲ್ಲನೆ ಇಳಿಸುತ್ತಾನೆ. ಎತ್ತಿದವನನ್ನು ಮೆಲ್ಲನೆ ಇಳಿಸಬೇಕಾದರೆ ಇಳಿಸುವವನು ಬಾಗಲೇಬೇಕು. ಬಾಳಿನ ಬೆದರಿಕೆಗೆ ಸಲ್ಲದ ನಮಸ್ಕಾರ ಇಲ್ಲಿ, ಯಾರೂ ಕೇಳದೆ, ಅಣ್ಣನಿಗೆ ಸಲ್ಲುತ್ತದೆ. ದೂತನಿಗೆ ಹೇಳಿದ ಮಾತಿನ ಪೂರ್ವಾರ್ಧವನ್ನು ಬಾಹುಬಲಿ ಮೈಯಿಂದ ನಡೆಸಿಕೊಟ್ಟಂತೆ ಇದು.

ಭರತನಿಗೆ ಈ ಭಾಷೆ ತಿಳಿಯುವುದಿಲ್ಲ. ಸಭೆಯೆದುರು ಸೋತ ನಾಚಿಕೆ ಅವನನ್ನು ಕವಿದಿದೆ. ಅವನು ಚಕ್ರವನ್ನು ಪ್ರಯೋಗಿಸುತ್ತಾನೆ. ಇದನ್ನು ನಿಯಮಭಂಗವೆಂದರಷ್ಟೇ ಸಾಲದು. ದೂರದಿಂದ ತಗುಲುವ ಚಕ್ರವೂ ಇನ್ನೊಬ್ಬ ದೂತನೇ. ಅಳಿದಿದ್ದ ಅಂತರವನ್ನು ಅದು ಮರಳಿ ತರುತ್ತದೆ. ಆದರೆ ಚಕ್ರ ಕೊಲ್ಲದೆ ಬಾಹುಬಲಿಯನ್ನು ಬಲವಂದು ನಿಲ್ಲುತ್ತದೆ. ಬಾಹುಬಲಿ ದೂತನಿಲ್ಲದೆ ಅಣ್ಣನೊಡನೆ ನೇರವಾಗಿ ಮಾತನಾಡುವುದು ಆಮೇಲೆ. ಆ ಮಾತು ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೊರಡುವ ಮಾತು.

ಆದ್ದರಿಂದ ಬಾಹುಬಲಿಯ ವೈರಾಗ್ಯವನ್ನು ಚಕ್ರ ಕಂಡೊಡನೆ ಹುಟ್ಟಿದ ಹಠಾತ್ ಜಿಗುಪ್ಸೆಯೆಂದು ಮಾತ್ರ ತಿಳಿಯಲಾಗದು. ಅಣ್ಣನನ್ನು ಇಳಿಸಿದ ಕೈಯೇ ರಾಜ್ಯವನ್ನೂ ಇಳಿಸಿತು.