‘ಗೋಪ್ಯತೆ’ಯೆಂಬ ಮಾತಿನ ವಿಚಾರ

ಇಂಗ್ಲಿಷಿನ ‘ಪ್ರೈವಸಿ’ಗೆ ನಮ್ಮವರು ‘ಗೋಪ್ಯತೆ’ಯೆಂದು ಬರೆಯುತ್ತಿರುವರು. ಗುಪ್ ಧಾತುವಿಗೆ ಕಾಪಾಡುವುದೆಂದೇ ಅರ್ಥ. ಗೋಪನು ಹಸುಗಳನ್ನು ಕಾಯುವನಲ್ಲದೆ ಬಚ್ಚಿಡುವವನಲ್ಲ. ಆದರೆ ರೂಢಿಯು ಯೋಗಾರ್ಥವನ್ನು ನುಂಗಿ, ಪದವೀಗ ಗುಟ್ಟೆಂಬಲ್ಲಿಗೆ ಇಳಿದಿದೆ. ಆದುದರಿಂದಲೇ ‘ಮುಚ್ಚಿಡುವಂಥದು ನಮ್ಮಲ್ಲೇನಿದೆ?’ ಎಂದು ಗೃಹಸ್ಥರು ಕೇಳಿದವರಿಗೆಲ್ಲ ಆಧಾರ್ ಸಂಖ್ಯೆಯನ್ನೂ ಓಟಿಪಿಯನ್ನೂ ಒಪ್ಪಿಸಿಬಿಡುವರು. ಕರ್ಣಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರಲ್ಲಿ, ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರು ಏಕಮತದಿಂದ ಮೂಲಭೂತ ಹಕ್ಕೆಂದು ಎತ್ತಿಹಿಡಿದುದು ಗುಟ್ಟನ್ನಲ್ಲ, ತನ್ನದರ ಮೇಲೆ ತನಗಿರುವ ಅಧಿಕಾರವನ್ನು. ಸಂಸ್ಕೃತಾಭಿಮಾನಿಗಳು ಕ್ಷಮಿಸಬೇಕು, ಪಾರಸಿಯಿಂದ ಬಂದ ‘ಖಾಸಗಿತನ’ವೇ ಇದಕ್ಕೆ ಹತ್ತಿರ.

‘ಎನ್‌ಕ್ರಿಪ್ಷನ್’ಗೆ ‘ಗೂಢಲಿಪೀಕರಣ’ವು ಯುಕ್ತವೇ. ಆದರೆ ವಾಟ್ಸಪ್ಪಿನಲ್ಲಿ ಓಲೆಯೊಳಗಣ ಮಾತು ಗೂಢವಾದರೂ, ಯಾರು ಯಾರಿಗೆ ಯಾವಾಗ ಬರೆದರೆಂಬುದು ಕಂಪನಿಗೆ ಕಾಣುವುದು. ಈ ‘ಮೆಟಾಡೇಟಾ’ವನ್ನು ‘ಮೇಲ್ಬರಹ’ವೆಂದರೆ ಅಂಚೆಯನ್ನು ಕಂಡವರಿಗೆಲ್ಲ ತಿಳಿದೀತು.